ಮಕ್ಕಳಿಗೆ ದೊಡ್ಡ ಬೋಟ್ ಕೊಡಿಸಬೇಡಿ, ಹಗುರವಾದದ್ದನ್ನು ಕಟ್ಟಿಸಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ರಿಮೋಟ್ ಕಂಟ್ರೋಲ್ ಬೋಟ್‌ಗಳ ಬಗ್ಗೆ ಒಂದು ಇಡೀ ಪುಟ ಬಂದಿತ್ತು. ಈ ವಿಷಯಕ್ಕೆ ಕನ್ನಡದಲ್ಲಿ ಅಷ್ಟು ಜಾಗ ಸಿಕ್ಕಿದ್ದು ನೋಡಿ ನಿಜವಾಗಿ ಖುಷಿಯಾಯಿತು. ಆದರೆ ಓದುತ್ತಾ ಹೋದ ಹಾಗೆ ಬೇಜಾರಾಯಿತು. ಯಾವ ಬೋಟ್ ಎಷ್ಟು ಸ್ಪೀಡು, ಯಾವುದಕ್ಕೆ ಎಷ್ಟು ದುಡ್ಡು, ಯಾವುದರಲ್ಲಿ ಎಷ್ಟು ದೊಡ್ಡ ಬ್ಯಾಟರಿ, ಬರೀ ಇದೇ. ಎರಡು ಮೂರು ಕೆ.ಜಿ. ತೂಗುವ, ಗಂಟೆಗೆ 80 ಕಿ.ಮೀ. ಓಡುವ ರೆಡಿಮೇಡ್ ಬೋಟ್ ತಂದು ರಜೆಯಲ್ಲಿ ಮಕ್ಕಳ ಕೈಗೆ ಕೊಡಿ ಅನ್ನುವ ಹಾಗಿತ್ತು. ಇದನ್ನು ನಾನು ಒಪ್ಪುವುದಿಲ್ಲ.

ನನ್ನದು ಸಣ್ಣ ಲೇತ್ ಅಂಗಡಿ. ಪಂಪ್‌ಸೆಟ್ ಶಾಫ್ಟ್, ಬುಶ್ ಟರ್ನಿಂಗ್ ಮಾಡಿ ಕೊಡುವ ಕೆಲಸ. ಕೆಲಸ ಮುಗಿದ ಮೇಲೆ, ರಜೆ ಇದ್ದಾಗ, ನಮ್ಮ ಬೀದಿಯ ಹೈಸ್ಕೂಲ್ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಹಗುರವಾದ ಎಲೆಕ್ಟ್ರಿಕ್ ಟನಲ್ ಹಲ್ ಬೋಟ್ ಕಟ್ಟುತ್ತೇನೆ. ಅರ್ಧ ಕೆ.ಜಿ. ಒಳಗೆ ಇಡೀ ಬೋಟ್ ಮುಗಿಯಬೇಕು, ಅದೊಂದೇ ನಮ್ಮ ನಿಯಮ. ಯಾಕೆ ಅಂತ ಹೇಳಲಿಕ್ಕೇ ಈ ಪತ್ರ. ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ಮೊದಲು ಒಂದು ಲೆಕ್ಕ. 2.5 ಕೆ.ಜಿ. ಬೋಟ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದು ದಡದಲ್ಲಿ ನಿಂತವರ ಕಾಲಿಗೆ ಬಡಿದರೆ ಅದರಲ್ಲಿರುವ ಶಕ್ತಿ ಸುಮಾರು 617 ಜೂಲ್. 470 ಗ್ರಾಂ ಬೋಟ್ 40 ಕಿ.ಮೀ. ವೇಗದಲ್ಲಿ ಬಡಿದರೆ ಸುಮಾರು 29 ಜೂಲ್. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ತೂಕದ ಅರ್ಧವನ್ನು, ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬದಲಿಸಿಕೊಂಡ ವೇಗದ ವರ್ಗದಿಂದ ಗುಣಿಸುವ ಲೆಕ್ಕ ಇದು, ಹೈಸ್ಕೂಲ್ ಮಕ್ಕಳೇ ಮಾಡಿ ತೋರಿಸುತ್ತಾರೆ. ನಮ್ಮ ಕೆರೆಗಳ ದಡದಲ್ಲಿ ವಾಕಿಂಗ್ ಮಾಡುವ ಹಿರಿಯರಿರುತ್ತಾರೆ, ಮೀನು ಹಿಡಿಯುವವರಿರುತ್ತಾರೆ, ದನ ನೀರಿಗೆ ಇಳಿದಿರುತ್ತದೆ. ಅಂಥ ಜಾಗಕ್ಕೆ 617 ಜೂಲ್ ತರಬೇಕಾ?

ಹಾಗಂತ ಹಗುರ ಬೋಟ್ ಅಂದರೆ ನಿಧಾನ, ಸಪ್ಪೆ ಅಂತಲ್ಲ. ಎರಡು ಅಡಿ ಪಕ್ಕದಲ್ಲೇ 40 ಕಿ.ಮೀ. ವೇಗದಲ್ಲಿ, ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹೋಗುವ ಬೋಟ್ ನೋಡಿದರೆ ಯಾರಿಗೂ ಸಪ್ಪೆ ಅನ್ನಿಸುವುದಿಲ್ಲ.

ಟನಲ್ ಹಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೋಟ್‌ನ ಎರಡೂ ಪಕ್ಕದಲ್ಲಿ ಉದ್ದಕ್ಕೆ ಎರಡು ಕಿರಿದಾದ ದೋಣಿಯಂಥ ಭಾಗ, ಅದಕ್ಕೆ ಸ್ಪಾನ್ಸನ್ ಅನ್ನುತ್ತಾರೆ. ಎರಡರ ನಡುವೆ ಮೇಲೆ ಒಂದು ಚಾವಣಿ. ಕೆಳಗೆ ಖಾಲಿ. ಮುಂದಿನಿಂದ ನುಗ್ಗುವ ಗಾಳಿ ಆ ಸುರಂಗದೊಳಗೆ ಸಿಕ್ಕಿ ಒತ್ತಡ ಹೆಚ್ಚಿಸಿಕೊಳ್ಳುತ್ತದೆ, ಚಾವಣಿಯನ್ನು ಮೇಲಕ್ಕೆ ಒತ್ತುತ್ತದೆ. ಬೋಟ್ ಅರ್ಧಂಬರ್ಧ ಹಾರುವ ಸ್ಥಿತಿಗೆ ಬರುತ್ತದೆ. ಸ್ಪಾನ್ಸನ್‌ಗಳ ಹಿಂತುದಿ ಮತ್ತು ಪ್ರೊಪೆಲ್ಲರ್ ಮಾತ್ರ ನೀರಿನಲ್ಲಿ. ಒದ್ದೆಯಾಗುವ ಜಾಗ ಕಡಿಮೆ ಆದಷ್ಟೂ ನೀರಿನ ಎಳೆತ ಕಡಿಮೆ.

ಈ ಆಕಾರವನ್ನು ಬೆಳೆಸಿದವರಲ್ಲಿ ಇಟಲಿಯ ಕೋಮೋ ಸರೋವರದ ಮೊಲಿನಾರಿ ಕುಟುಂಬದ ಹೆಸರು ದೊಡ್ಡದು. ಅಪ್ಪ ಆಂಜೆಲೊ ಬೋಟ್ ಕಟ್ಟುತ್ತಿದ್ದರು, ಮಗ ರೆನಾಟೊ 1981ರಲ್ಲಿ ಪವರ್‌ಬೋಟ್ ಫಾರ್ಮುಲಾ ಒನ್‌ನ ಮೊದಲ ವಿಶ್ವ ಚಾಂಪಿಯನ್ ಆದರು. ಆ ರೇಸ್ ಇವತ್ತಿಗೂ ಟನಲ್ ಹಲ್‌ನಲ್ಲೇ ನಡೆಯುತ್ತದೆ. ಆರು ಮೀಟರ್ ಉದ್ದ, ಎಂಜಿನ್ ಸೇರಿ ಬೋಟಿನ ತೂಕ 400 ಕೆ.ಜಿ. ಆಸುಪಾಸು, ವೇಗ ಗಂಟೆಗೆ 200 ಕಿ.ಮೀ. ಮೇಲೆ. 2018ರ ನವೆಂಬರ್‌ನಲ್ಲಿ ಪಕ್ಕದ ಆಂಧ್ರದ ಅಮರಾವತಿಯಲ್ಲಿ, ಕೃಷ್ಣಾ ನದಿಯಲ್ಲೇ ಈ ರೇಸ್ ಆಯಿತು. ನಮ್ಮ ಆಲಮಟ್ಟಿ ದಾಟಿ ಹರಿದುಹೋಗುವ ಅದೇ ಕೃಷ್ಣೆ.

ಈಚೆಗೆ ವಿರಾಟ್ ಕೊಹ್ಲಿ ಒಂದು ತಂಡಕ್ಕೆ ಪಾಲುದಾರರಾದ ಇ1 ಎಲೆಕ್ಟ್ರಿಕ್ ಬೋಟ್ ರೇಸ್ ಬಗ್ಗೆಯೂ ಪೇಪರ್‌ಗಳಲ್ಲಿ ಬಂತು. ಆರ್‌ಸಿಬಿ ಅಭಿಮಾನಿ ಹುಡುಗರೆಲ್ಲ ನನ್ನ ಹತ್ತಿರ ಬಂದು ಅಂಥದ್ದೇ ಮಾಡೋಣ ಅಂದರು. ಅದು 2024ರಲ್ಲಿ ಜೆಡ್ಡಾದಲ್ಲಿ ಶುರುವಾದ ರೇಸ್, ಬೋಟ್‌ನ ಗರಿಷ್ಠ ವೇಗ 50 ನಾಟ್, ಅಂದರೆ ಗಂಟೆಗೆ 93 ಕಿ.ಮೀ. ಹತ್ತಿರ. ಆದರೆ ಅದು ಟನಲ್ ಹಲ್ ಅಲ್ಲ. ಅದರ ಕೆಳಗೆ ನೀರಿನೊಳಗೆ ಓಡುವ ರೆಕ್ಕೆಗಳಿವೆ, ಆ ರೆಕ್ಕೆ ಬೋಟನ್ನು ಎತ್ತುತ್ತದೆ. ಟನಲ್ ಹಲ್‌ನಲ್ಲಿ ಎತ್ತುವುದು ಗಾಳಿ. ಮನೆಯಲ್ಲಿ ಕಟ್ಟುವವರಿಗೆ ಗಾಳಿಯೇ ಸುಲಭ. ನೀರಿನೊಳಗಿನ ರೆಕ್ಕೆಗೆ ಒಂದು ಎಳೆ ಜೊಂಡು ಸಿಕ್ಕಿಕೊಂಡರೂ ಆಟ ಮುಗಿಯಿತು, ನಮ್ಮ ಕೆರೆಗಳಲ್ಲಿ ಜೊಂಡಿಗೇನು ಬರವೇ?

ಈಗ ತೂಕದ ಮಾತಿಗೆ ಬರುತ್ತೇನೆ, ನನಗೆ ಮುಖ್ಯವಾದದ್ದು ಇದೇ. ಗಾಳಿ ಎಷ್ಟು ಎತ್ತುತ್ತದೆ ಅನ್ನುವುದು ಬೋಟ್‌ನ ತೂಕದ ಮೇಲೆ ನಿಂತಿಲ್ಲ. ವೇಗ, ಚಾವಣಿಯ ಅಗಲ, ಅದರ ಓರೆ, ಇವುಗಳ ಮೇಲೆ ನಿಂತಿದೆ. ಒಂದು ವೇಗದಲ್ಲಿ ಗಾಳಿ 120 ಗ್ರಾಂ ಎತ್ತಿತು ಅಂತಿಟ್ಟುಕೊಳ್ಳಿ. ಬೋಟ್ 480 ಗ್ರಾಂ ಇದ್ದರೆ ಅದರ ಕಾಲು ಭಾಗವನ್ನು ಗಾಳಿಯೇ ಹೊತ್ತಿತು. ಬೋಟ್ 960 ಗ್ರಾಂ ಇದ್ದರೆ ಎಂಟನೇ ಒಂದು ಭಾಗ ಮಾತ್ರ. ಭಾರದ ಬೋಟನ್ನು ಅದೇ ಥರ ಎತ್ತಬೇಕೆಂದರೆ ಇನ್ನೂ ವೇಗ ಬೇಕು, ಅದಕ್ಕೆ ದೊಡ್ಡ ಮೋಟರ್, ಅದಕ್ಕೆ ದೊಡ್ಡ ಬ್ಯಾಟರಿ, ಮತ್ತೆ ತೂಕ. ಈ ಸುಳಿಯಿಂದ ಹೊರಗೆ ಬರುವ ದಾರಿ ಒಂದೇ, ಮೊದಲ ಗ್ರಾಂನಿಂದಲೇ ಉಳಿಸುತ್ತಾ ಬರುವುದು.

ನಮ್ಮ ಬೋಟ್ 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಸುರಂಗದ ಅಗಲ 11 ಸೆಂ.ಮೀ. ಚಾವಣಿ ಹಿಂದೆ 18 ಮಿ.ಮೀ. ಎತ್ತರ, ಮುಂದೆ 28 ಮಿ.ಮೀ. 30 ಸೆಂ.ಮೀ. ಉದ್ದಕ್ಕೆ 10 ಮಿ.ಮೀ. ಏರಿದರೆ ಓರೆ ಸುಮಾರು 2 ಡಿಗ್ರಿ ಆಯಿತು. ಇದಕ್ಕಿಂತ ಜಾಸ್ತಿ ಓರೆ ಕೊಟ್ಟರೆ ಎತ್ತುವುದೇನೋ ಚೆನ್ನಾಗಿ ಎತ್ತುತ್ತದೆ, ಆದರೆ ಒಂದು ಸಣ್ಣ ಅಲೆಗೆ ಮೂತಿ ಮೇಲೆದ್ದು ಬೋಟ್ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ತೂಕದ ಕೇಂದ್ರವೂ ಇದಕ್ಕೆ ಕಾರಣ. ಬೋಟನ್ನು ಎರಡು ಬೆರಳ ಮೇಲೆ ಇಟ್ಟು ತೂಗಿದಾಗ ಅದು ಹಿಂದಿನ ತುದಿಯಿಂದ ಉದ್ದದ 30 ಪರ್ಸೆಂಟ್ ಆಸುಪಾಸಿನಲ್ಲಿ ಸಮನಾಗಿ ನಿಲ್ಲಬೇಕು, ನಮ್ಮ ಬೋಟ್‌ಗೆ 12 ಸೆಂ.ಮೀ. ಇನ್ನೂ ಹಿಂದೆ ಹೋದರೆ ಮೂತಿ ಏಳುತ್ತದೆ, ಮುಂದೆ ಬಂದರೆ ಬೋಟ್ ನೀರಿಗೆ ಅಂಟಿಕೊಂಡು ಒದ್ದಾಡುತ್ತದೆ. ಇದನ್ನು ಸರಿ ಮಾಡಲು ಸೀಸದ ತುಂಡು ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸುವ ಹಾಗೆ ವೆಲ್ಕ್ರೋ ಪಟ್ಟಿ ಹಾಕಿದರೆ ಸಾಕು.

ಏತರಿಂದ ಕಟ್ಟುವುದು? ಬಾಲ್ಸಾ ಮರ. ಈಕ್ವೆಡಾರ್ ಕಡೆಯಿಂದ ಬರುವ ಈ ಮರ ನಮ್ಮಲ್ಲಿ ಏರೋಮಾಡೆಲಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಮೀಟರ್ ಉದ್ದ, 10 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಹಾಳೆ ಸುಮಾರು 30 ಗ್ರಾಂ ತೂಗುತ್ತದೆ. ಅದೇ ಅಳತೆಯ ಬರ್ಚ್ ಪ್ಲೈವುಡ್ 130 ಗ್ರಾಂ ದಾಟುತ್ತದೆ. ಹಾಗಾಗಿ ಪ್ಲೈವುಡ್ ಅನ್ನು ಮೋಟರ್ ಕೂರುವ ಹಿಂದಿನ ಹಲಗೆಗೆ ಮಾತ್ರ ಬಳಸಿ. ಬೋರ್ಡ್ ಬರೆಯುವವರ ಅಂಗಡಿಯ ಸನ್‌ಬೋರ್ಡ್ ಕೈಗೆ ಹಗುರ ಅನ್ನಿಸುತ್ತದೆ, ತೂಗಿ ನೋಡಿ, ಬಾಲ್ಸಾದ ಮೂರು ಪಟ್ಟು ಇರುತ್ತದೆ. ಬಾಲ್ಸಾ ದುಬಾರಿ ಆಯಿತು ಅನ್ನುವವರು ಡೆಪ್ರಾನ್ ಫೋಮ್ ಹಾಳೆ ತೆಗೆದುಕೊಳ್ಳಬಹುದು, ಅದು ಇನ್ನೂ ಹಗುರ, ಆದರೆ ಮೆತ್ತಗೆ. ಫೋಮ್‌ಗೆ ಫೆವಿಕ್ವಿಕ್ ಹಚ್ಚಬೇಡಿ, ಕರಗಿಸಿಬಿಡುತ್ತದೆ. ಪಾಲಿಯೆಸ್ಟರ್ ರೆಸಿನ್ ಕೂಡ ಹಾಗೇ. ರೆಸಿನ್ ಮತ್ತು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿ ಹಚ್ಚುವ ಎಪಾಕ್ಸಿ ಮಾತ್ರ ಸರಿ.

ಮೊದಲು ರಟ್ಟಿನಲ್ಲಿ ಎಲ್ಲ ಭಾಗ ಕತ್ತರಿಸಿ, ಟೇಪ್ ಹಾಕಿ ಜೋಡಿಸಿ ನೋಡಿ. ಮಕ್ಕಳಿಗೆ ಆಕಾರ ಕೈಗೆ ಸಿಗುವುದು ಅಲ್ಲಿಯೇ. ಆಮೇಲೆ ಬಾಲ್ಸಾ. ಗಾಜಿನ ಹಲಗೆ ಅಥವಾ ಗ್ರಾನೈಟ್ ಕಟ್ಟೆ ಮೇಲೆ ಇಟ್ಟು ಜೋಡಿಸಬೇಕು, ಯಾಕೆಂದರೆ ಎರಡು ಸ್ಪಾನ್ಸನ್ ಒಂದೇ ಮಟ್ಟದಲ್ಲಿ ಇರದಿದ್ದರೆ ಬೋಟ್ ಜನ್ಮದಲ್ಲಿ ನೇರ ಹೋಗುವುದಿಲ್ಲ. ಹೊರಗೆ ಚದರ ಮೀಟರಿಗೆ 25 ಗ್ರಾಂ ತೂಗುವ ಗ್ಲಾಸ್ ಬಟ್ಟೆ, ಅಂದರೆ ಗಾಜಿನ ನಾರಿನ ಬಟ್ಟೆ ಹಾಸಿ ತೆಳುವಾದ ಎಪಾಕ್ಸಿ ಹಚ್ಚಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಬಳಸುವ ಎಲ್‌ವೈ 556 ರೆಸಿನ್ ಮತ್ತು ಎಚ್‌ವೈ 951 ಹಾರ್ಡ್‌ನರ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ತೂಕದಲ್ಲಿ ಹತ್ತಕ್ಕೆ ಒಂದು. ಅಳತೆ ಕಣ್ಣಂದಾಜಿನಲ್ಲಿ ಬೇಡ, ತಕ್ಕಡಿಯಲ್ಲೇ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಹಚ್ಚಿದ ಮೇಲೆ ಹಳೇ ಎಟಿಎಂ ಕಾರ್ಡ್‌ನಿಂದ ಹೆಚ್ಚಾದ ರೆಸಿನ್ ಎಲ್ಲ ಎಳೆದು ತೆಗೆಯಬೇಕು. ಬಟ್ಟೆ ಒದ್ದೆಯಾಗಿರಬೇಕು ಅಷ್ಟೇ, ಮಿನುಗಬಾರದು. ಮಿನುಗುತ್ತಿದ್ದರೆ ಅಲ್ಲಿ ತೂಕ ಉಳಿದಿದೆ ಅಂತ ಅರ್ಥ.

ಮಕ್ಕಳಿಗೆ ಪುಟ್ಟಿ ಮತ್ತು ಪೇಂಟ್ ಮೇಲೆ ಆಸೆ ಜಾಸ್ತಿ. ಪುಟ್ಟಿ ಹಚ್ಚಿ ಉಜ್ಜಿ, ಮತ್ತೆ ಹಚ್ಚಿ, ಮೂರು ಕೋಟ್ ಬಣ್ಣ ಹೊಡೆದರೆ ಬಾಲ್ಸಾದಲ್ಲಿ ಉಳಿಸಿದ್ದೆಲ್ಲ ಹೋಯಿತು. ಒಂದು ತೆಳು ಕೋಟ್ ಸಾಕು, ಎದ್ದು ಕಾಣುವ ಕಿತ್ತಳೆ ಅಥವಾ ಹಳದಿ ಇರಲಿ, ದೂರದಲ್ಲಿ ಪಲ್ಟಿಯಾದಾಗ ಕಾಣಿಸಬೇಕಲ್ವಾ.

ಆದರೆ ಒಂದು ಕಡೆ ಮಾತ್ರ ಕಂಜೂಸ್ ಮಾಡಬಾರದು. ಸ್ಪಾನ್ಸನ್‌ನ ತಳದ ಅಂಚು ಮತ್ತು ಹಿಂತುದಿ ಚೂಪಾಗಿ, ಮೂಲೆಮಟ್ಟವಾಗಿ ಇರಬೇಕು. ಅಂಚು ಗುಂಡಾಗಿದ್ದರೆ ನೀರು ಅದನ್ನು ಬಳಸಿಕೊಂಡು ಪಕ್ಕಕ್ಕೆ ಏರುತ್ತದೆ, ಬೋಟನ್ನು ಕೆಳಕ್ಕೆ ಹೀರುತ್ತದೆ. ಬಾಲ್ಸಾ ಅಂಚು ತಾನಾಗಿ ಗುಂಡಾಗುತ್ತದೆ. ಅದಕ್ಕೆ ತೆಳುವಾದ ಪ್ಲೈವುಡ್ ಪಟ್ಟಿ ಅಂಟಿಸಿ ಎಪಾಕ್ಸಿ ಕುಡಿಸಿ, ಆಮೇಲೆ ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಉಜ್ಜಬೇಕು, ಬೆರಳಿನಿಂದ ಉಜ್ಜಬಾರದು. ಅದಕ್ಕಾಗಿ ಐದಾರು ಗ್ರಾಂ ಹೋದರೂ ಪರವಾಗಿಲ್ಲ.

ಔಟ್‌ಬೋರ್ಡ್ ಮೋಟರ್ ನನಗೆ ತುಂಬ ಇಷ್ಟವಾದ ಭಾಗ. ಟನಲ್ ಬೋಟ್‌ಗೆ ಚುಕ್ಕಾಣಿ ಬೇರೆ ಇಲ್ಲ. ಹಿಂದಿನ ಹಲಗೆಗೆ ತೂಗುಹಾಕಿದ ಇಡೀ ಮೋಟರೇ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಒಂಬತ್ತು ಗ್ರಾಂ ಸರ್ವೋ, ಅಂದರೆ ರಿಮೋಟ್ ಹೇಳಿದಷ್ಟೇ ತಿರುಗುವ ಪುಟ್ಟ ಮೋಟರ್, ಅದನ್ನು ತಿರುಗಿಸುತ್ತದೆ. ಮೇಲೆ ನಿಂತಿರುವ ಬ್ರಷ್‌ಲೆಸ್ ಮೋಟರ್‌ನಿಂದ ಕೆಳಗೆ ಮಲಗಿರುವ ಪ್ರೊಪೆಲ್ಲರ್ ಶಾಫ್ಟ್‌ಗೆ ತಿರುಗುವ ಬಲ ತರಬೇಕು. ಇದಕ್ಕೆ ನಾವು ಬಾಗುವ ಕೇಬಲ್ ಬಳಸುತ್ತೇವೆ. ಹಿತ್ತಾಳೆ ಕೊಳವೆಯನ್ನು ಮಂದ ಕೆಂಪಗೆ ಕಾಯಿಸಿ ಆರಿಸಿದರೆ ಮೆದುವಾಗುತ್ತದೆ. ಒಳಗೆ ಸಣ್ಣ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಒಂದು ರಾಟೆಯ ಸುತ್ತ ನಿಧಾನಕ್ಕೆ ಬಗ್ಗಿಸಿದರೆ ನುಗ್ಗಾಗದೆ ಬಾಗುತ್ತದೆ. ಒಳಗೆ ಟೆಫ್ಲಾನ್ ಕೊಳವೆ, ಅದರೊಳಗೆ ಗ್ರೀಸ್ ಹಚ್ಚಿದ ಕೇಬಲ್, ತುದಿಗೆ ಗನ್‌ಮೆಟಲ್ ಬುಶ್. ಪಂಪ್‌ಸೆಟ್‌ಗೆ ಹಾಕುವ ಅದೇ ಗನ್‌ಮೆಟಲ್‌ನ ಚೂರು ನನ್ನ ಅಂಗಡಿಯಲ್ಲಿ ಯಾವಾಗಲೂ ಬಿದ್ದಿರುತ್ತದೆ. ಕೇಬಲ್‌ನ ಹುರಿ ಯಾವ ಕಡೆಗೆ ಬಿಗಿಯಾಗುತ್ತದೋ ಆ ಕಡೆಗೇ ಮೋಟರ್ ತಿರುಗಬೇಕು, ಉಲ್ಟಾ ತಿರುಗಿಸಿದರೆ ಹುರಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಹೇಳಿದರೂ ಪುಸ್ತಕದಿಂದ ಬಾರದ ಸಂಗತಿಗಳು ಇವು, ಒಂದು ಸಲ ಕೈಯಲ್ಲಿ ಮಾಡಿದ ಮಗುವಿಗೆ ಬಂದುಬಿಡುತ್ತವೆ.

ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. 2016ರಲ್ಲಿ ಶುರುವಾದ ಈ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ತ್ರೀಡಿ ಪ್ರಿಂಟರ್, ಸೋಲ್ಡರಿಂಗ್ ಕಬ್ಬಿಣ ಎಲ್ಲ ಇರುತ್ತದೆ. ಅಲ್ಲಿನ ಮೇಷ್ಟ್ರುಗಳಿಗೆ ನನ್ನ ಮನವಿ, ಇದನ್ನು ಒಂದು ಪ್ರಾಜೆಕ್ಟ್ ಮಾಡಿ. ಬೋಟ್‌ನ ಮೈಯನ್ನು ಪ್ರಿಂಟ್ ಮಾಡಬೇಡಿ, ಪಿಎಲ್‌ಎ ಪ್ಲಾಸ್ಟಿಕ್ ನೀರಿಗಿಂತ ಭಾರ, ಬಾಲ್ಸಾಗಿಂತ ಹಲವು ಪಟ್ಟು ಭಾರ. ಸರ್ವೋ ಕೂರಿಸುವ ಹಿಡಿಕೆ, ಮುಚ್ಚಳದ ಕೊಂಡಿ ಇಂಥ ಸಣ್ಣ ಭಾಗ ಪ್ರಿಂಟ್ ಮಾಡಿ. ಮೋಟರ್ ಹಿಡಿಕೆಗೂ ಪಿಎಲ್‌ಎ ಬೇಡ, 60 ಡಿಗ್ರಿ ಬಿಸಿಗೆ ಮೆತ್ತಗಾಗುತ್ತದೆ. ಇನ್ನೂ ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ ಇದ್ದರೆ ಒಳ್ಳೆಯದು.

ಎನ್‌ಸಿಸಿ ನೌಕಾ ವಿಭಾಗದ ಮಕ್ಕಳು ಶಿಪ್ ಮಾಡೆಲಿಂಗ್ ಮಾಡುತ್ತಾರೆ, ಅದಕ್ಕೆ ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಸ್ಪರ್ಧೆಯೂ ಇದೆ, ಆ ಶಿಬಿರ ನಮ್ಮ ಕಾರವಾರದಲ್ಲೂ ನಡೆದದ್ದುಂಟು. ಅಂದರೆ ಮಾಡೆಲ್ ದೋಣಿ ಕಟ್ಟುವ ಕೈ ನಮ್ಮಲ್ಲಿ ಇಲ್ಲ ಅಂತಲ್ಲ. ಅದೇ ಕೈಗೆ ಹಗುರದ ಪಾಠ ಸೇರಿದರೆ ಸಾಕು.

ವೇಗದ ಲೆಕ್ಕ ಮಕ್ಕಳಿಗೆ ಬಲು ಇಷ್ಟ. ಮೋಟರ್ ಮೇಲೆ 2200 ಕೆವಿ ಅಂತ ಬರೆದಿರುತ್ತದೆ. ಹೊರೆ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ 2200 ಸುತ್ತು ಅಂತ ಅದರ ಅರ್ಥ. ಮೂರು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟ್. ಗುಣಿಸಿದರೆ 24,420 ಸುತ್ತು. ಪ್ರೊಪೆಲ್ಲರ್ ವ್ಯಾಸ 30 ಮಿ.ಮೀ., ಪಿಚ್ ಅದರ 1.4 ಪಟ್ಟು, ಅಂದರೆ ಒಂದು ಸುತ್ತಿಗೆ 42 ಮಿ.ಮೀ. ಮುಂದೆ ಹೋಗಬೇಕು. ಗಂಟೆಗೆ ಲೆಕ್ಕ ಹಾಕಿದರೆ 61 ಕಿ.ಮೀ. ಚಿಲ್ಲರೆ. ಇದು ಕಾಗದದ ವೇಗ. ಹೊರೆ ಬಿದ್ದಾಗ ಸುತ್ತು ಐದನೇ ಒಂದು ಭಾಗದಷ್ಟು ಇಳಿಯುತ್ತದೆ, ಪ್ರೊಪೆಲ್ಲರ್ ನೀರಿನಲ್ಲಿ ಒಂದಿಷ್ಟು ಜಾರುತ್ತದೆ, ಕೊನೆಗೆ ಉಳಿಯುವುದು 40ರ ಆಸುಪಾಸು. ಫೋನ್‌ನಲ್ಲಿ ವಿಡಿಯೋ ಹಿಡಿದು, ದಡದಲ್ಲಿ ಅಳೆದಿಟ್ಟ ದೂರವನ್ನು ಎಷ್ಟು ಸಮಯದಲ್ಲಿ ದಾಟಿತು ಅಂತ ನೋಡಿ ಮಕ್ಕಳು ಲೆಕ್ಕಕ್ಕೆ ತಾಳೆ ಹಾಕುತ್ತಾರೆ. ಪರೀಕ್ಷೆಗೆ ಅಂತ ಉರು ಹೊಡೆದ ಸೂತ್ರ ಆಗ ಅವರದ್ದೇ ಆಗುತ್ತದೆ.

ತೂಕದ ಪಟ್ಟಿ ಹೀಗೆ ಬರುತ್ತದೆ. ಬೋಟ್‌ನ ಮೈ 140 ಗ್ರಾಂ. ಮೋಟರ್ ಮತ್ತು ಔಟ್‌ಬೋರ್ಡ್ ಸೇರಿ 130. ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿ 35, ಸರ್ವೋ ರಿಸೀವರ್ ಎರಡೂ ಸೇರಿ 20, ಬ್ಯಾಟರಿ 115, ವೈರು, ಸ್ಕ್ರೂ, ಟೇಪು ಅಂತ 30. ಒಟ್ಟು 470. ಪ್ರತಿ ಭಾಗವನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಅಂದಾಜು ಮಾಡಿ ನೋಡಿ, ಹಿಂದೆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದಲ್ಲಿ 7.2 ವೋಲ್ಟ್‌ನ ಆರು ಸೆಲ್ ಪ್ಯಾಕ್ ಒಂದೇ 350 ಗ್ರಾಂ ಆಸುಪಾಸು ಇರುತ್ತಿತ್ತು. ಆಗ ಇಂಥ ಬೋಟ್ ಎಲೆಕ್ಟ್ರಿಕ್‌ನಲ್ಲಿ ಆಗುವ ಮಾತೇ ಇರಲಿಲ್ಲ. ನೈಟ್ರೋ ಎಂಜಿನ್ ಬೇಕಿತ್ತು, ಅದರ ಕಿರುಚಾಟ, ನೀರಿನ ಮೇಲೆ ತೇಲುವ ಎಣ್ಣೆ ಪದರ ಎಲ್ಲ ಸಹಿಸಬೇಕಿತ್ತು. ಈಗ 1300 ಎಂಎಎಚ್‌ನ ಸಣ್ಣ ಲಿಪೋ ಮೂರು ನಿಮಿಷ ಪೂರ್ತಿ ವೇಗದಲ್ಲಿ ಓಡಿಸುತ್ತದೆ. ಮೂರು ನಿಮಿಷ ಕಡಿಮೆ ಆಯಿತು ಅಂತ ದೊಡ್ಡ ಬ್ಯಾಟರಿ ಹಾಕಬೇಡಿ. ಇನ್ನೊಂದು ಸಣ್ಣದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ.

ಲಿಪೋ ಬಗ್ಗೆ ಪೋಷಕರು ಗಮನ ಕೊಡಲೇಬೇಕು. ಚಾರ್ಜಿಗೆ ಹಾಕಿ ಮಲಗುವುದು, ಹೊರಗೆ ಹೋಗುವುದು ಬೇಡ. ಉಬ್ಬಿದ್ದು, ಚುಚ್ಚಿದ್ದು, ನೀರು ಕುಡಿದದ್ದು ಮತ್ತೆ ಬಳಸುವುದು ಬೇಡ. ಎಲ್ಲ ಸೆಲ್ಲನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕು, 1300 ಎಂಎಎಚ್‌ಗೆ 1.3 ಆಂಪಿಯರ್ ಮೀರಬಾರದು. ಸೆಲ್ ಒಂದಕ್ಕೆ 3.3 ವೋಲ್ಟ್‌ಗೆ ಇಳಿದಾಗ ನಿಲ್ಲಿಸಬೇಕು, ಎತ್ತಿಡುವಾಗ 3.8ರಲ್ಲಿ ಇಡಬೇಕು. ಪ್ರೊಪೆಲ್ಲರ್ ಚಾಕುವಿಗಿಂತ ಅಪಾಯ, ದಡದಲ್ಲಿ ಹಿಡಿದುಕೊಂಡು ಓಡಾಡುವಾಗ ಬ್ಯಾಟರಿ ಬಿಚ್ಚಿರಲೇಬೇಕು. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಆನ್, ಕೊನೆಗೆ ಬೋಟ್. ಸಿಗ್ನಲ್ ಹೋದರೆ ಮೋಟರ್ ತಾನಾಗಿ ನಿಲ್ಲುವ ಹಾಗೆ ಫೇಲ್‌ಸೇಫ್ ಹಾಕಿರಬೇಕು. ಬೆರಿಲಿಯಂ ತಾಮ್ರದ ರೇಸಿಂಗ್ ಪ್ರೊಪೆಲ್ಲರ್ ಸಿಗುತ್ತವೆ, ಅವನ್ನು ಅರದಿಂದ ಉಜ್ಜಿ ಹರಿತ ಮಾಡಬೇಕು, ಆ ಪುಡಿ ಶ್ವಾಸಕೋಶಕ್ಕೆ ವಿಷ. ಮಕ್ಕಳ ಕೈಗೆ ಅದು ಬೇಡವೇ ಬೇಡ, ಪ್ಲಾಸ್ಟಿಕ್ ಪ್ರೊಪೆಲ್ಲರ್ ಸಾಕು.

ನೀರು ಒಳಗೆ ಬರುವುದಂತೂ ಬರುತ್ತದೆ. ಮುಚ್ಚಳದ ಸುತ್ತ ಟೇಪ್ ಹಾಕಿ. ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟಿ. ಎರಡೂ ಸ್ಪಾನ್ಸನ್ ಒಳಗೆ ಫೋಮ್ ತುಂಡು ತುಂಬಿ, ಪಲ್ಟಿಯಾದರೂ ಬೋಟ್ ಮುಳುಗಬಾರದು.

ಇನ್ನು ಓಡಿಸುವ ಜಾಗ. ಇಷ್ಟೆಲ್ಲ ಬರೆದದ್ದು ಇದಕ್ಕಾಗಿಯೇ.

ಹಳ್ಳಿ ಕಡೆ ಕೃಷಿ ಹೊಂಡ ಇದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದಾಗಿ ಬಯಲುಸೀಮೆಯಲ್ಲಿ ಎಲ್ಲಿ ನೋಡಿದರೂ ಹೊಂಡ. ಪ್ಲಾಸ್ಟಿಕ್ ಹಾಸಿರುವುದರಿಂದ ಜೊಂಡಿಲ್ಲ, ಅಂತರಗಂಗೆ ಇಲ್ಲ. ಆದರೆ 21 ಮೀಟರ್ ಅಗಲದ ಹೊಂಡವನ್ನು ನಮ್ಮ ಬೋಟ್ ಎರಡು ಸೆಕೆಂಡಿನಲ್ಲಿ ದಾಟುತ್ತದೆ. ಎಲ್ಲಿ ಸೋರುತ್ತದೆ, ಸಮನಾಗಿ ತೇಲುತ್ತದಾ ಅಂತ ನೋಡಲು ಸಾಕು, ಓಡಿಸಲು ಸಾಲದು. ಅದಕ್ಕಿಂತ ಮುಖ್ಯವಾಗಿ, ಆ ಪ್ಲಾಸ್ಟಿಕ್ ಪಾಚಿ ಕಟ್ಟಿ ಎಷ್ಟು ಜಾರುತ್ತದೆಂದರೆ ಬಿದ್ದ ಮಗು ಹತ್ತಿ ಬರಲಾರದು. ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತದೆ. ದೊಡ್ಡವರಿಲ್ಲದೆ, ಬೇಲಿ ಇಲ್ಲದ, ಹಗ್ಗ ಇಳಿಬಿಡದ ಹೊಂಡದ ಹತ್ತಿರ ಮಕ್ಕಳನ್ನು ಬಿಡಲೇಬಾರದು. ಬೋಟ್ ನಡುನೀರಿನಲ್ಲಿ ನಿಂತರೆ ಈಜಿ ತರಲು ಯಾರೂ ಇಳಿಯಬಾರದು. ಗಾಳದ ದಾರಕ್ಕೆ ಟೆನಿಸ್ ಬಾಲ್ ಕಟ್ಟಿ ಬೋಟ್‌ನ ಆಚೆಗೆ ಎಸೆದು, ದಾರಕ್ಕೆ ಸಿಕ್ಕಿಸಿ ಎಳೆದುಕೊಳ್ಳಿ. ಗಾಳಿ ದಡದ ಕಡೆಗೆ ಬೀಸುತ್ತಿದ್ದರೆ ಸುಮ್ನೆ ಕೂತು ಕಾಯಿರಿ, ಅದೇ ಬರುತ್ತದೆ.

ಓಡಿಸಲು ನಿಜವಾಗಿ ಬೇಕಿರುವುದು ನೂರು ಮೀಟರ್ ತೆರೆದ ನೀರು. ಹೊರದೇಶಗಳಲ್ಲಿ ಕೊಳದಲ್ಲಿ ಗುರುತಿನ ಬುರುಡೆಗಳನ್ನು ತೇಲಿಬಿಟ್ಟು ಅವುಗಳ ಸುತ್ತ ಬೋಟ್ ಓಡಿಸುತ್ತಾರೆ. ಅಮೆರಿಕದ ಕ್ಲಬ್‌ಗಳಲ್ಲಿ ಯಾವಾಗಲೂ ಬಲಕ್ಕೇ ತಿರುಗುವುದು, ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ. ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಎದುರುಬದುರು ಡಿಕ್ಕಿ ಇಲ್ಲ. ನಮ್ಮಲ್ಲಿ ಕೆರೆಗಳಿವೆ, ಸುತ್ತ ವಾಕಿಂಗ್ ಪಾತ್ ಇದೆ, ಕಲ್ಲು ಬೆಂಚಿದೆ, ಪೆಡಲ್ ಬೋಟೂ ಇದೆ. ಮಕ್ಕಳು ತಾವೇ ಕಟ್ಟಿದ ಅರ್ಧ ಕೆ.ಜಿ. ಬೋಟ್ ಹಿಡಿದು ಹೋದರೆ ಮಾತ್ರ ಗೇಟಿನಲ್ಲೇ ಬೇಡ ಅನ್ನುತ್ತಾರೆ. ಒಂದು ಕೆರೆಯ ಬಳಿ ಕಾವಲಿನವರು ಇದಕ್ಕೆ ಡ್ರೋನ್ ಪರ್ಮಿಷನ್ ತನ್ನಿ ಅಂದರು. ಡ್ರೋನ್‌ಗೆ 2021ರ ನಿಯಮ ಇದೆ, ಕೆಂಪು ವಲಯ ಹಳದಿ ವಲಯ ಅಂತ ಇದೆ. ನೀರಿನ ಮೇಲೆ ಓಡುವ ಬೋಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಯಾರೂ ಹೇಳಿಲ್ಲ.

ಹಾಗಾಗಿ ನಗರಸಭೆ, ಪುರಸಭೆ, ಪಂಚಾಯಿತಿಯವರಲ್ಲಿ ನನ್ನ ಕೋರಿಕೆ ಇಷ್ಟು. ಬೋಟಿಂಗ್ ಇರುವ ಯಾವುದಾದರೂ ಒಂದು ಕೆರೆಯ ಒಂದು ಮೂಲೆಯನ್ನು, ತಿಂಗಳಲ್ಲಿ ಒಂದು ಭಾನುವಾರ ಬೆಳಗ್ಗೆ ಪೆಡಲ್ ಬೋಟ್ ಶುರುವಾಗುವ ಮೊದಲು, ಎರಡು ಗಂಟೆ ಬಿಟ್ಟುಕೊಡಿ. ಎಲೆಕ್ಟ್ರಿಕ್ ಮಾತ್ರ, 500 ಗ್ರಾಂ ಒಳಗೆ ಮಾತ್ರ ಅಂತ ಷರತ್ತು ಹಾಕಿ, ಗೇಟಿನಲ್ಲಿ ತಕ್ಕಡಿ ಇಟ್ಟು ತೂಗಿ ಬಿಡಿ. ಹಕ್ಕಿಗಳು ಗೂಡು ಕಟ್ಟುವ ಕೆರೆ ಬೇಡ, ಚಳಿಗಾಲದಲ್ಲಿ ವಲಸೆ ಹಕ್ಕಿ ಇಳಿಯುವ ಕೆರೆಯೂ ಬೇಡ. ಮೀನು ಸಾಕಣೆಗೆ ಹರಾಜು ಆದ ಕೆರೆಯಾದರೆ ಗುತ್ತಿಗೆದಾರರನ್ನು ಕೇಳಿಯೇ ಕೊಡಿ, ಬಲೆಗೆ ಪ್ರೊಪೆಲ್ಲರ್ ಸಿಕ್ಕಿದರೆ ಅವರ ಹೊಟ್ಟೆಪಾಡಿಗೆ ಏಟು. ಒಂದು ಲೈಫ್ ಜಾಕೆಟ್ ಹಾಕಿದ ಆಳು, ಒಂದು ಪೆಡಲ್ ಬೋಟ್ ಇದ್ದರೆ ನಿಂತ ಬೋಟ್ ತರಲು ಸಾಕು. ಖರ್ಚು ಹೆಚ್ಚೇನೂ ಇಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಈ ಪತ್ರದ ಜೊತೆ ನಮ್ಮ ಬೋಟ್‌ನ ನಕ್ಷೆ ಇಟ್ಟಿದ್ದೇನೆ, ಎಲ್ಲ ಭಾಗ ನಿಜವಾದ ಅಳತೆಯಲ್ಲೇ ಬರೆದಿದೆ. ನಿಮ್ಮ ಪತ್ರಿಕೆಯ ಎರಡು ಪುಟ ಬಿಡಿಸಿದರೆ 40 ಸೆಂ.ಮೀ. ಬೋಟ್ ಆರಾಮಾಗಿ ಹಿಡಿಸುತ್ತದೆ. ಅಳತೆ ಕುಗ್ಗಿಸದೆ ಅಚ್ಚು ಹಾಕಿ. ಮಕ್ಕಳು ಪೇಪರನ್ನೇ ರಟ್ಟಿಗೆ ಅಂಟಿಸಿ ಕತ್ತರಿಸಿಕೊಳ್ಳಲಿ. ಸುರಂಗದ ಚಾವಣಿಯ ಓರೆಯ ಗೆರೆಗೆ ಕೆಂಪು ಬಣ್ಣ ಹಾಕಿದ್ದೇನೆ, ಅದು ಮಾತ್ರ ಅಚ್ಚಿನಲ್ಲಿ ಮಸುಕಾಗದ ಹಾಗೆ ನೋಡಿಕೊಳ್ಳಿ.

ನಿಮ್ಮ ಓದುಗ,
ತುಮಕೂರು